ಊರು ಬಿಡುವ ಮುನ್ನ ಮಾಡಬೇಕಾದ ಲೆಕ್ಕ

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸುಗ್ಗಿ ಮುಗಿದು ಕಣ ಬರಿದಾಗುವ ಹೊತ್ತಿಗೆ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಚರ್ಚೆಗೆ ಬರುತ್ತದೆ. ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿ ನೆಲೆಸುವುದೋ, ಇದ್ದ ಊರಿನಲ್ಲೇ ಉಳಿಯುವುದೋ? ಮಗ ಹೋಗೋಣ ಎನ್ನುತ್ತಾನೆ. ಹೊಲವನ್ನು ಯಾರು ನೋಡುವರು ಎಂದು ಅಪ್ಪ ಕೇಳುತ್ತಾನೆ. ಅವ್ವ ಕೊಟ್ಟಿಗೆಯ ಕಡೆ ನೋಡಿ ಸುಮ್ಮನಾಗುತ್ತಾಳೆ. ಸೊಸೆಯ ಅಭಿಪ್ರಾಯವನ್ನು ಬಹಳಷ್ಟು ಮನೆಗಳಲ್ಲಿ ಯಾರೂ ಕೇಳುವುದಿಲ್ಲ. ಕೊನೆಗೆ ನಿರ್ಧಾರವಾಗುವುದು ಒಂದು ಕೆಟ್ಟ ವರ್ಷದಲ್ಲಿ. ಬೆಳೆ ಕೈಕೊಟ್ಟಾಗ, ಆಸ್ಪತ್ರೆಯ ಖರ್ಚು ಮೈಮೇಲೆ ಬಂದಾಗ, ಅಣ್ಣತಮ್ಮಂದಿರಲ್ಲಿ ಪಾಲಾದಾಗ ಮನೆಗೆ ಬೀಗ ಬೀಳುತ್ತದೆ. ಇಷ್ಟು ದೊಡ್ಡ ನಿರ್ಧಾರವನ್ನು ಸಂಕಟದ ಗಳಿಗೆಯಲ್ಲಿ ಕೈಗೊಳ್ಳುವುದಕ್ಕಿಂತ, ನೆಮ್ಮದಿಯ ದಿನಗಳಲ್ಲಿ ಮನೆಯವರೆಲ್ಲ ಕುಳಿತು ಲೆಕ್ಕ ಹಾಕಿ ನಿರ್ಧರಿಸುವುದು ಮೇಲು. ಆ ಲೆಕ್ಕದಲ್ಲಿ ಏನೇನು ಸೇರಬೇಕು ಎಂಬುದೇ ಈ ಉಪನ್ಯಾಸದ ವಿಷಯ.

ಹಿಂದೆ ಊರು ಬಿಡುವುದೆಂದರೆ ಬೆಂಗಳೂರು, ಗೋವೆ ಅಥವಾ ಮಂಗಳೂರಿಗೆ ದುಡಿಯಲು ಹೋಗುವುದಾಗಿತ್ತು. ಅದು ದೂರದ ಮಾತು. ಮಧ್ಯಮ ಗಾತ್ರದ ನಗರದ ಪ್ರಶ್ನೆ ಬೇರೆಯದು. ಅಲ್ಲಿನ ಭಾಷೆ, ಊಟ, ಸಂತೆ ಎಲ್ಲವೂ ಪರಿಚಿತ. ನೆಂಟರು ಮೊದಲೇ ಅಲ್ಲಿ ನೆಲೆಸಿರುತ್ತಾರೆ. ಕಾರಹುಣ್ಣಿಮೆಗೋ ಬಿತ್ತನೆಗೋ ಬೆಳಿಗ್ಗೆ ಬಸ್ಸು ಹತ್ತಿ ಊರಿಗೆ ಬರಬಹುದು. ಈ ಹತ್ತಿರವೇ ಅದರ ಆಕರ್ಷಣೆ. ಹತ್ತಿರವಿರುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ ಎಂಬ ಭ್ರಮೆ ಹುಟ್ಟುವುದೂ ಇದರಿಂದಲೇ.

ಮಲೆನಾಡಿನ ಸೆರಗಿನ ನಾಡು

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಈ ನಾಲ್ಕು ತಾಲೂಕುಗಳು ಮಲೆನಾಡು ಬಯಲುಸೀಮೆಗೆ ತಾಗುವ ಅಂಚಿನಲ್ಲಿವೆ. ಕೃಷಿ ಹವಾಮಾನದ ವಿಂಗಡಣೆಯಲ್ಲಿ ಹಾನಗಲ್ಲವು ಗುಡ್ಡಗಾಡು ವಲಯಕ್ಕೆ ಸೇರುತ್ತದೆ. ಉಳಿದ ಮೂರು ತಾಲೂಕುಗಳು ಉತ್ತರದ ಸಂಕ್ರಮಣ ವಲಯಕ್ಕೆ ಸೇರುತ್ತವೆ. ಸಾಗರ ತಾಲೂಕಿನಲ್ಲಿ ಹುಟ್ಟುವ ವರದಾ, ಮುಂಡಗೋಡದ ಕಡೆಯಿಂದ ಬರುವ ಧರ್ಮಾ, ಶಿಕಾರಿಪುರದ ಅಂಜನಾಪುರ ಜಲಾಶಯವನ್ನು ದಾಟಿ ಮದಗ-ಮಾಸೂರು ಕೆರೆಗೆ ಇಳಿಯುವ ಕುಮದ್ವತಿ, ಈ ಮೂರೂ ಘಟ್ಟದ ಮಳೆಯನ್ನು ಇಲ್ಲಿಗೆ ಹೊತ್ತು ತರುತ್ತವೆ. ಹಾನಗಲ್ಲಿನಲ್ಲಿ ಕೂರಿಗೆಯಿಂದ ಬಿತ್ತುವ ಭತ್ತ ಮತ್ತು ಮಾವು, ಸವಣೂರಿನಲ್ಲಿ ವೀಳ್ಯದೆಲೆ, ಹಿರೇಕೆರೂರಿನಲ್ಲಿ ಹತ್ತಿ ಮತ್ತು ಬೀಜೋತ್ಪಾದನೆ ಹೆಸರಾಗಿದ್ದವು. ಕಳೆದ ಎರಡು ಮೂರು ದಶಕಗಳಲ್ಲಿ ಗೋವಿನಜೋಳ ಎಲ್ಲೆಡೆ ಹಬ್ಬಿತು. ಕೊಳವೆಬಾವಿಯ ನೀರು ಸಿಕ್ಕಲ್ಲಿ ಭತ್ತದ ಗದ್ದೆಗೆ ಅಡಿಕೆ ಬಂದಿತು.

ಇಲ್ಲಿನ ರೈತ ಎರಡು ಬಗೆಯ ಏಟನ್ನೂ ತಿಂದಿದ್ದಾನೆ. 2019ರ ಆಗಸ್ಟ್ ತಿಂಗಳಲ್ಲಿ ವರದಾ ಮತ್ತು ಧರ್ಮಾ ನದಿಗಳು ಉಕ್ಕಿ ಹಾನಗಲ್ಲ, ಸವಣೂರು ಭಾಗದ ಹೊಲಗಳನ್ನು ಮುಳುಗಿಸಿದವು. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಬೇಕಾಯಿತು. 2018ರಲ್ಲಿ ನೆರೆಯ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲ ಬಾರಿಗೆ ಕಾಣಿಸಿಕೊಂಡ ಹೊಸ ಸೈನಿಕ ಹುಳು ಗೋವಿನಜೋಳದ ಸುಳಿಯನ್ನು ತಿಂದು, ಔಷಧದ ಖರ್ಚನ್ನು ಹೆಚ್ಚಿಸಿತು. 2025ರ ಹಂಗಾಮಿಗೆ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ, ಬೆಳೆ ಮಾರುಕಟ್ಟೆಗೆ ಬಂದಾಗ ದರ ಅದಕ್ಕಿಂತ ಬಹಳ ಕೆಳಗೆ ಇಳಿದು ರೈತರು ಬೀದಿಗಿಳಿದರು. ಇಂಥ ವರ್ಷಗಳನ್ನು ಕಂಡ ಮನೆಯ ಯುವಕ ತಿಂಗಳ ಸಂಬಳವನ್ನು ಬಯಸಿದರೆ ಅವನನ್ನು ಸೋಮಾರಿಯೆಂದು ಜರೆಯುವುದು ಅನ್ಯಾಯ.

ನಗರದ ಪಕ್ಷದಲ್ಲಿ ಹೇಳಬೇಕಾದುದು

ಪರಿಸರದ ಬಗ್ಗೆ ಮಾತನಾಡುವವರು ಹಳ್ಳಿಯನ್ನು ಹೊಗಳಿ ನಗರವನ್ನು ತೆಗಳುವುದು ರೂಢಿಯಾಗಿದೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ನಗರ ಕೊಡುವುದನ್ನು ಮೊದಲು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಮೊದಲನೆಯದು ಆರೋಗ್ಯ. ಹೆರಿಗೆ ಕಷ್ಟವಾದಾಗ, ಹಾವು ಕಚ್ಚಿದಾಗ, ಹೃದಯದ ನೋವು ಬಂದಾಗ ದೊಡ್ಡಾಸ್ಪತ್ರೆ ಎಷ್ಟು ಹೊತ್ತಿನ ದಾರಿ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಈ ಭಾಗದ ಜನ ಗಂಭೀರ ಕಾಯಿಲೆಗೆ ತಲೆಮಾರುಗಳಿಂದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನೇ ನಂಬಿದ್ದಾರೆ. ಹಾವೇರಿಯಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿರುವುದರಿಂದ ಈ ಅಂತರ ಮುಂದೆ ತಗ್ಗಬಹುದು. ಆದರೆ ಡಯಾಲಿಸಿಸ್ ಅಥವಾ ಕ್ಯಾನ್ಸರ್ ಚಿಕಿತ್ಸೆ ಬೇಕಾದವರಿರುವ ಮನೆಗೆ ನಗರದ ಹತ್ತಿರವಿರುವುದು ಅನಿವಾರ್ಯವೇ ಆಗಬಹುದು.

ಎರಡನೆಯದು ಶಿಕ್ಷಣ ಮತ್ತು ಉದ್ಯೋಗ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಸುಮಾರು 9.4 ಲಕ್ಷ, ದಾವಣಗೆರೆಯದು ಸುಮಾರು 4.3 ಲಕ್ಷ, ಹಾವೇರಿ ನಗರದ್ದು 67 ಸಾವಿರದಷ್ಟು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯ ಮತ್ತು ಉಚ್ಚ ನ್ಯಾಯಾಲಯದ ಪೀಠವಿವೆ. ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, ಅಮರಗೋಳದ ಮಾರುಕಟ್ಟೆ ಪ್ರಾಂಗಣ, ಗೋಕುಲ ರಸ್ತೆ ಹಾಗೂ ತಾರಿಹಾಳದ ಕೈಗಾರಿಕಾ ಪ್ರದೇಶಗಳಿವೆ. ಒಂದೇ ಊರಿನಲ್ಲಿ ಇಷ್ಟು ಬಗೆಯ ಕೆಲಸಗಳಿದ್ದರೆ ಒಂದು ತಪ್ಪಿದಾಗ ಇನ್ನೊಂದನ್ನು ಹಿಡಿಯಬಹುದು. ಒಂದೇ ಬೆಳೆಯನ್ನು ನಂಬಿದ ಹಳ್ಳಿಯಲ್ಲಿ ಆ ಅವಕಾಶವಿಲ್ಲ.

ಮೂರನೆಯದು ಸಾಮಾಜಿಕ ಬಿಡುಗಡೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದ ಡಾ. ಅಂಬೇಡ್ಕರ್ ಅವರು ಹಳ್ಳಿಯನ್ನು ಆದರ್ಶವೆಂದು ಒಪ್ಪಲು ಖಡಾಖಂಡಿತವಾಗಿ ನಿರಾಕರಿಸಿದರು. ಅವರ ಮಾತನ್ನು ಕೇಳಲು ಇಂದಿಗೂ ಕಾರಣಗಳಿವೆ. ಚಹಾದಂಗಡಿಯಲ್ಲಿ ಬೇರೆ ಲೋಟ, ಕ್ಷೌರದಂಗಡಿಯಲ್ಲಿ ನಿರಾಕರಣೆ, ಗುಡಿಯ ಹೊಸ್ತಿಲಲ್ಲಿ ತಡೆ, ಇವುಗಳನ್ನು ಅನುಭವಿಸಿದ ಮನೆಯ ಹುಡುಗನಿಗೆ ಯಾರೂ ಜಾತಿ ಕೇಳದ ಬಸ್ಸು ನಿಲ್ದಾಣವೇ ಒಂದು ಬಿಡುಗಡೆ. ಬಾಡಿಗೆ ಮನೆ ಹುಡುಕುವಾಗ ನಗರವೂ ಜಾತಿ ಕೇಳುತ್ತದೆ. ಆದರೂ ಹಗಲೆಲ್ಲ ಅದರ ಭಾರ ಹೊರಬೇಕಾಗಿಲ್ಲ. ಭೂಮಿಯೇ ಇಲ್ಲದ, ಗೌರವವೂ ಸಿಗದ ಕುಟುಂಬಕ್ಕೆ ಊರಿನಲ್ಲೇ ಉಳಿಯಿರಿ ಎಂದು ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ.

ನಾಲ್ಕನೆಯದು ಹೆಣ್ಣುಮಕ್ಕಳ ಮಾತು. ಹೊಲ ಮಾಡುವ ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲ ಎಂಬ ಅಳಲು ಎಲ್ಲೆಡೆ ಇದೆ. 2023ರ ಫೆಬ್ರವರಿಯಲ್ಲಿ ಮಂಡ್ಯದ ಅವಿವಾಹಿತ ರೈತ ಯುವಕರು ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಇದಕ್ಕೆ ಹುಡುಗಿಯರನ್ನು ದೂರುವವರು ಒಬ್ಬ ರೈತ ಮಹಿಳೆಯ ದಿನಚರಿಯನ್ನು ನೋಡಬೇಕು. ನಸುಕಿನಲ್ಲಿ ಕೊಟ್ಟಿಗೆಯ ಸೆಗಣಿ ಬಾಚುವುದು, ನೀರು ತರುವುದು, ಅಡುಗೆ, ನಂತರ ಹೊಲದಲ್ಲಿ ಕಳೆ ತೆಗೆಯುವುದು, ಸಂಜೆ ಮತ್ತೆ ಹಾಲು ಕರೆಯುವುದು. ಇಷ್ಟಾದರೂ ಉತಾರದಲ್ಲಿ ಅವಳ ಹೆಸರಿಲ್ಲ, ಮಾರಾಟದ ಹಣ ಅವಳ ಕೈಗೆ ಬರುವುದಿಲ್ಲ. ನಗರದಲ್ಲಿ ನಲ್ಲಿಯಿದೆ, ಗ್ಯಾಸ್ ಒಲೆಯಿದೆ, ಅವಳದೇ ಹೆಸರಿನಲ್ಲಿ ಸಂಬಳವೂ ಬರಬಹುದು. ಅವಳು ನಗರವನ್ನು ಆಯ್ದುಕೊಂಡರೆ ಅದು ಷೋಕಿಯಲ್ಲ, ವಿವೇಕ.

ಲೆಕ್ಕದಲ್ಲಿ ಸೇರದ ಬಾಬ್ತುಗಳು

ಇನ್ನು ಇನ್ನೊಂದು ತಟ್ಟೆಯನ್ನು ನೋಡಬೇಕು. ನಗರದ ಆದಾಯ ಒಂದೇ ಅಂಕಿಯಾಗಿ ಕಣ್ಣಿಗೆ ಬೀಳುತ್ತದೆ. ಹಳ್ಳಿಯ ಆದಾಯ ಹಲವು ಕಡೆ ಚದುರಿರುವುದರಿಂದ ಬಹಳಷ್ಟು ಭಾಗ ಲೆಕ್ಕಕ್ಕೇ ಬರುವುದಿಲ್ಲ.

ಉದಾಹರಣೆಗೆ ನಾಲ್ಕು ಜನರ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಇಲ್ಲಿನ ಅಂಕಿಗಳು ಕೇವಲ ಲೆಕ್ಕದ ವಿಧಾನವನ್ನು ತೋರಿಸಲು. ಪ್ರತಿ ಮನೆಯೂ ತನ್ನ ಅಂಕಿಗಳನ್ನೇ ಹಾಕಿಕೊಳ್ಳಬೇಕು. ನಗರದ ಒಂದು ಗೋದಾಮಿನಲ್ಲಿ ತಿಂಗಳಿಗೆ 18,000 ರೂಪಾಯಿ ಸಂಬಳ. ಮನೆ ಬಾಡಿಗೆ 5,000, ಹಾಲು 1,400, ಕಾಳು-ಕಡಿ, ಎಣ್ಣೆ, ತರಕಾರಿ 5,000, ಗ್ಯಾಸ್ ಮತ್ತು ವಿದ್ಯುತ್ 1,500, ಮಕ್ಕಳ ಶಾಲೆ ಹಾಗೂ ಓಡಾಟ 3,000. ಒಟ್ಟು 15,900 ಹೋಗಿ ಉಳಿಯುವುದು 2,100. ಅದೇ ಕುಟುಂಬಕ್ಕೆ ಊರಿನಲ್ಲಿ ಬೆಳೆ, ಹಾಲು, ಕೂಲಿ ಸೇರಿ ಸರಾಸರಿ ತಿಂಗಳಿಗೆ 10,000 ನಗದು ಬರುತ್ತಿದ್ದು, 8,000 ಖರ್ಚಾಗುತ್ತಿತ್ತೆಂದರೆ ಉಳಿಯುತ್ತಿದ್ದುದು 2,000. ಆದಾಯ ಹೆಚ್ಚೂಕಡಿಮೆ ಎರಡು ಪಟ್ಟಾದರೂ ಉಳಿತಾಯ ಇದ್ದಲ್ಲೇ ಇದೆ. ಸ್ವಂತ ಮನೆ, ಹೊಲದ ಜೋಳ ಮತ್ತು ಅಕ್ಕಿ, ಹಿತ್ತಲಿನ ಸೊಪ್ಪು, ಕೊಟ್ಟಿಗೆಯ ಹಾಲು, ಬೇಲಿಯ ಕಟ್ಟಿಗೆ ಇವೆಲ್ಲ ಊರಿನಲ್ಲಿ ನಗದಾಗಿ ಕಾಣಿಸಿರಲಿಲ್ಲ. ನಗರದಲ್ಲಿ ಅವೇ ಖರ್ಚಿನ ಪಟ್ಟಿಯಲ್ಲಿ ಒಂದೊಂದಾಗಿ ಕಾಣಿಸಿಕೊಂಡವು.

ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿದರೆ ಅದೂ ಅರ್ಧಸತ್ಯ. ಹೆಂಡತಿಗೂ 9,000 ರೂಪಾಯಿಯ ಕೆಲಸ ಸಿಕ್ಕರೆ ನಗರದ ತಟ್ಟೆ ಸ್ಪಷ್ಟವಾಗಿ ಭಾರವಾಗುತ್ತದೆ. ಊರಿನಲ್ಲಿ ಕೊಳವೆಬಾವಿಯ ಸಾಲವಿದ್ದರೆ ಹಳ್ಳಿಯ ತಟ್ಟೆ ಇನ್ನೂ ಹಗುರವಾಗುತ್ತದೆ. ಹಾಗೆಯೇ ಊರಿನ ಸರಾಸರಿಯು ಒಳ್ಳೆಯ ವರ್ಷ, ಕೆಟ್ಟ ವರ್ಷಗಳೆರಡನ್ನೂ ಸೇರಿಸಿದ್ದು. ನಗರದ ಸಂಬಳ ಕೆಲಸವಿರುವ ತಿಂಗಳುಗಳದ್ದು ಮಾತ್ರ. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. ಸುತ್ತಲಿನ ಹಳ್ಳಿಗಳಿಂದ ಅಲ್ಲಿಗೆ ಹೋದ ಕಾರ್ಮಿಕರು ಮಿಲ್ಲಿನ ಸಂಬಳವನ್ನು ಶಾಶ್ವತವೆಂದೇ ನಂಬಿದ್ದರು. ಒಂದೊಂದಾಗಿ ಗಿರಣಿಗಳು ಮುಚ್ಚಿದಾಗ ಊರಿನಲ್ಲಿ ಹೊಲ ಉಳಿಸಿಕೊಂಡವರಿಗೂ ಮಾರಿ ಬಂದವರಿಗೂ ಇದ್ದ ವ್ಯತ್ಯಾಸ ತಿಳಿಯಿತು. 2020ರ ಮಾರ್ಚ್ ಕೊನೆಯಲ್ಲಿ ದೇಶವೇ ಬಾಗಿಲು ಹಾಕಿದಾಗ ಅದೇ ಪಾಠ ಮತ್ತೊಮ್ಮೆ ಆಯಿತು. ಬಾಡಿಗೆ ಕೊಡಲಾಗದವರು ಗಂಟುಮೂಟೆ ಕಟ್ಟಿಕೊಂಡು ಬಂದದ್ದು ಊರಿಗೆ. ಊರಿನಲ್ಲಿ ಮನೆ ಮತ್ತು ಒಂದು ಚೀಲ ಜೋಳ ಇದ್ದವರು ಆ ವರ್ಷವನ್ನು ದಾಟಿದರು.

ನೀರಿನ ಲೆಕ್ಕವನ್ನೂ ಮರೆಯಬಾರದು. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರುವುದು ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯಿಂದ ಮತ್ತು ಕಲಘಟಗಿ ತಾಲೂಕಿನ ನೀರಸಾಗರದಿಂದ. 2008ರಲ್ಲಿ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಯಶಸ್ವಿಯಾದರೂ, ಉಳಿದ ಅನೇಕ ಬಡಾವಣೆಗಳು ನಾಲ್ಕೈದು ದಿನಕ್ಕೊಮ್ಮೆ ಅಥವಾ ಇನ್ನೂ ತಡವಾಗಿ ಬರುವ ನೀರಿಗೆ ವರ್ಷಗಟ್ಟಲೆ ಕಾದವು. 2016-17ರ ಬರದಲ್ಲಿ ನೀರಸಾಗರವೇ ಬತ್ತಿತು. ನಗರದ ನಲ್ಲಿಯ ಮೂಲ ಗುಡ್ಡದ ಹಳ್ಳದಲ್ಲಿದೆ. ಗುಡ್ಡದ ಕಾಡು ಮತ್ತು ಕೆರೆಗಳನ್ನು ನೋಡಿಕೊಳ್ಳುವವರು ಊರಿನಲ್ಲಿ ಇಲ್ಲವಾದರೆ, ನಗರಕ್ಕೆ ಹೋದವರನ್ನೂ ನೀರಿನ ಕೊರತೆ ಹಿಂಬಾಲಿಸುತ್ತದೆ.

ಹೋದವರ ಹಿಂದೆ ಉಳಿಯುವ ಊರು

ಒಂದು ಮನೆ ಊರು ಬಿಟ್ಟರೆ ಅದು ಆ ಮನೆಯ ವಿಚಾರ. ಮೂವತ್ತು ಮನೆಗಳು ಬಿಟ್ಟರೆ ಅದು ಮಣ್ಣಿನ ವಿಚಾರವಾಗುತ್ತದೆ. ಕೆಲಸದ ಕೈಗಳು ಕಡಿಮೆಯಾದಾಗ ಮೊದಲು ಮಾರಾಟವಾಗುವುದು ದನ. ದನ ಹೋದರೆ ತಿಪ್ಪೆ ಬರಿದಾಗುತ್ತದೆ. ತಿಪ್ಪೆ ಬರಿದಾದರೆ ಮಣ್ಣಿನ ಸಾವಯವ ಅಂಶ ಇಳಿದು, ಹಿಂದೆ ಹದಿನೈದು ದಿನ ತೇವ ಹಿಡಿದಿಡುತ್ತಿದ್ದ ನೆಲ ವಾರಕ್ಕೇ ಬಿರಿಯುತ್ತದೆ. ಆಗ ಇಳುವರಿಯೆಲ್ಲ ಅಂಗಡಿಯ ಗೊಬ್ಬರದ ಮೇಲೆ ನಿಲ್ಲುತ್ತದೆ. ಆ ಅವಲಂಬನೆ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಹಾವೇರಿಯ ಜನ ಮರೆತಿಲ್ಲ. 2008ರ ಜೂನ್ 10ರಂದು ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರು ನಡೆದು ಜೀವಹಾನಿಯಾಯಿತು.

ಕೂರಿಗೆ ಭತ್ತದ ಕಥೆಯೂ ಹೀಗೆಯೇ. ಮುಂಗಾರಿನ ಮೊದಲ ಮಳೆಗೆ ಒಣನೆಲದಲ್ಲಿ ಬಿತ್ತಿ, ಎಡೆಕುಂಟೆ ಹೊಡೆದು, ಕಳೆ ತೆಗೆದು ಬೆಳೆಸುವ ಈ ಪದ್ಧತಿ ನಾಟಿ ಭತ್ತಕ್ಕಿಂತ ಕಡಿಮೆ ನೀರಿನಲ್ಲಿ ಬೆಳೆ ಕೊಡುವ ಜಾಣ್ಮೆ. ಆದರೆ ಅದಕ್ಕೆ ಸಕಾಲಕ್ಕೆ ಕೈಗಳು ಬೇಕು. ಕೈಗಳಿಲ್ಲದಾಗ ಕಳೆನಾಶಕ ಬಂದಿತು, ಆಮೇಲೆ ಭತ್ತವೇ ಹೋಗಿ ಗೋವಿನಜೋಳ ಬಂದಿತು. ಭತ್ತದೊಂದಿಗೆ ದನದ ಹುಲ್ಲು, ಮನೆಯ ಬೀಜ, ಅದನ್ನು ಆರಿಸಿ ಇಡುವ ಹೆಂಗಸರ ಜ್ಞಾನ ಎಲ್ಲವೂ ಹೋದವು. ಹಗೇವಿನಲ್ಲಿ ಕಾಳು ಇಡುವುದನ್ನು ಬಲ್ಲ ಕೊನೆಯ ಹಿರಿಯರು ತೀರಿಕೊಂಡಾಗ ಆ ವಿದ್ಯೆಯನ್ನು ಯಾವ ನಗರದ ಗ್ರಂಥಾಲಯವೂ ಮರಳಿ ಕೊಡಲಾರದು.

ಎಲ್ಲಕ್ಕಿಂತ ಸದ್ದಿಲ್ಲದೆ ಕಳೆದುಹೋಗುವುದು ಊರಿನ ಸಾಮೂಹಿಕ ಆಸ್ತಿ. ಕೆರೆ, ಗಾಯರಾಣ, ಗುಂಡುತೋಪು, ಹಳ್ಳದ ದಂಡೆ, ಇವುಗಳಿಗೆ ಉತಾರದಲ್ಲಿ ಯಾವ ರೈತನ ಹೆಸರೂ ಇಲ್ಲ. ಅವುಗಳನ್ನು ಉಳಿಸಿದ್ದು ನಿತ್ಯ ಬಳಸುವ ಜನ. ಇದಕ್ಕೆ ಹಾನಗಲ್ಲ ತಾಲೂಕಿನಲ್ಲೇ ಒಂದು ದೊಡ್ಡ ನಿದರ್ಶನವಿದೆ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಸ್ಥಾಪಿಸಿ, ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಮುಂದಾದವು. ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ನೆಲ ಗಿರಣಿಯ ಕಚ್ಚಾವಸ್ತುವಿನ ತೋಟವಾಗುವುದನ್ನು ಜನ ಒಪ್ಪಲಿಲ್ಲ. ಶಿವರಾಮ ಕಾರಂತರೂ ಅರ್ಜಿದಾರರಾಗಿ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ಊರಿಗೆ ಬೇಕಾದ ಗಿಡಗಳನ್ನು ಹಚ್ಚಿದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು.

ಇಂದು ಅಂಥದ್ದೇ ಒಂದು ಪ್ರಸಂಗ ಬಂದರೆ ಕುಸನೂರಿನಂಥ ಊರುಗಳಲ್ಲಿ ಬೆಳಿಗ್ಗೆ ಹೊಲದ ಬದುವಿನ ಮೇಲೆ ನಿಲ್ಲುವವರು ಯಾರು? ಅಂದು ಆ ಭೂಮಿ ಉಳಿದದ್ದು ಅದರ ಮೇಲೆ ಬದುಕುತ್ತಿದ್ದ ಜನ ಊರಿನಲ್ಲಿದ್ದುದರಿಂದ. ದನವಿಲ್ಲದ ಊರಿಗೆ ಗಾಯರಾಣ ಬೇಡವೆನಿಸುತ್ತದೆ. ಗಾಯರಾಣ ಬೇಡವಾದ ಊರಿನಲ್ಲಿ ಒತ್ತುವರಿಗೆ ತಡೆಯಿಲ್ಲ. ಊರು ಬಿಡುವವರ ಲೆಕ್ಕದಲ್ಲಿ ಈ ನಷ್ಟ ಎಲ್ಲಿಯೂ ಬರೆಯಲ್ಪಡುವುದಿಲ್ಲ. ಆದರೆ ಹಿಂದೆ ಉಳಿಯುವ ಬಡವರು ಅದನ್ನು ದಿನವೂ ತೆರುತ್ತಾರೆ.

ಮರಳಿ ಇಡಲಾಗದ ಹೆಜ್ಜೆ

ಊರು ಬಿಡುವಾಗ ಇಡುವ ಹೆಜ್ಜೆಗಳಲ್ಲಿ ಕೆಲವನ್ನು ಹಿಂದೆ ತೆಗೆದುಕೊಳ್ಳಬಹುದು, ಕೆಲವನ್ನು ತೆಗೆದುಕೊಳ್ಳಲಾಗದು. ಬಾಡಿಗೆ ಮನೆಯನ್ನು ಬಿಡಬಹುದು, ಕೆಲಸವನ್ನು ಬದಲಿಸಬಹುದು, ಮಾರಿದ ಎಮ್ಮೆಯ ಬದಲು ಮತ್ತೊಂದನ್ನು ಕೊಳ್ಳಬಹುದು. ಮಾರಿದ ಹೊಲವನ್ನು ಮರಳಿ ಪಡೆಯುವುದು ಬಹುತೇಕ ಅಸಾಧ್ಯ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಅವಕಾಶವಾಯಿತು. ಅದರಿಂದ ಮಾರುವುದು ಸುಲಭವಾಯಿತು. ಸಂಬಳದ ಉಳಿತಾಯದಲ್ಲಿ ಮತ್ತೆ ಕೊಳ್ಳುವುದು ಇನ್ನೂ ಕಷ್ಟವಾಯಿತು. ಹೆದ್ದಾರಿಯ ಪಕ್ಕದ ಶಿಗ್ಗಾವಿ ಭಾಗದಲ್ಲಿ ಇದು ಹೆಚ್ಚು ನಿಜ. ಎರಡು ಎಕರೆ ಮಾರಿ ನಗರದ ಅಂಚಿನಲ್ಲಿ ಒಂದು ನಿವೇಶನ ಕೊಂಡವರು ಅನ್ನ ಕೊಡುವ ಆಸ್ತಿಯನ್ನು ಕೊಟ್ಟು ತೆರಿಗೆ ಕೇಳುವ ಆಸ್ತಿಯನ್ನು ಪಡೆದಂತಾಗುತ್ತದೆ. ಮಾರಲೇಬೇಕಾಗಿ ಬಂದರೂ ಮನೆಯ ಹೆಣ್ಣುಮಕ್ಕಳಿಗೆ 2005ರ ಉತ್ತರಾಧಿಕಾರ ತಿದ್ದುಪಡಿಯಿಂದ ಸಮಪಾಲು ಇದೆ ಎಂಬುದನ್ನು ಮರೆತು ಸಹಿ ಹಾಕಿಸಿಕೊಳ್ಳುವುದು ಅಧರ್ಮವೂ ಹೌದು, ಮುಂದಿನ ವ್ಯಾಜ್ಯಕ್ಕೆ ಬೀಜವೂ ಹೌದು.

ಮಾರದೆ ಹೋಗುವವರು ಹೊಲವನ್ನು ಲಾವಣಿಗೋ ಕೋರಿಗೋ ಕೊಟ್ಟು ಹೋಗುತ್ತಾರೆ. 1974ರ ತಿದ್ದುಪಡಿಯ ನಂತರ ಗೇಣಿಗೆ ಕೊಡುವುದನ್ನು ಕಾಯಿದೆ ನಿಷೇಧಿಸಿರುವುದರಿಂದ ಇವೆಲ್ಲ ಬಾಯಿಮಾತಿನ ಒಪ್ಪಂದಗಳು. ಇದರ ಪರಿಣಾಮವೆಂದರೆ ಬೆಳೆಸಾಲ, ಬೆಳೆವಿಮೆ, ನೆರೆ-ಬರದ ಪರಿಹಾರ ಎಲ್ಲವೂ ಉತಾರದಲ್ಲಿ ಹೆಸರಿರುವವನಿಗೆ ಹೋಗುತ್ತವೆ. ಮಳೆಯಲ್ಲಿ ನೆನೆದು ಬೆಳೆ ಕಳೆದುಕೊಂಡವನಿಗೆ ಏನೂ ಸಿಗುವುದಿಲ್ಲ. ವರ್ಷಕ್ಕೊಮ್ಮೆ ಒಪ್ಪಂದ ಬದಲಾಗುವುದರಿಂದ ಲಾವಣಿ ಮಾಡಿದವನು ಬದುವನ್ನು ದುರಸ್ತಿ ಮಾಡುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಹೊಲ ಕೊಟ್ಟು ಹೋಗುವವರು ಕನಿಷ್ಠ ಮೂರು ನಾಲ್ಕು ವರ್ಷಕ್ಕೆ ಮಾತು ಕೊಟ್ಟು, ಬದು ಮತ್ತು ಗೊಬ್ಬರದ ಖರ್ಚಿನಲ್ಲಿ ಪಾಲು ಹೊತ್ತು, ಪರಿಹಾರ ಬಂದಾಗ ಬೆಳೆದವನಿಗೆ ಅವನ ನ್ಯಾಯದ ಭಾಗವನ್ನು ಕೊಟ್ಟರೆ ಹೊಲವೂ ಉಳಿಯುತ್ತದೆ, ನೆರೆಹೊರೆಯೂ ಉಳಿಯುತ್ತದೆ.

ಮನೆಯಲ್ಲಿ ಯಾರು ಹೋಗಬೇಕು ಎಂಬುದರಲ್ಲಿಯೂ ವಿವೇಚನೆ ಬೇಕು. ಭತ್ತದ ಸಸಿಯನ್ನು ಮಡಿಯಿಂದ ಕೀಳುವಾಗ ರೈತ ಅದರ ವಯಸ್ಸನ್ನು ನೋಡುತ್ತಾನೆ. ಮೂರು ವಾರದ ಆಸುಪಾಸಿನ ಸಸಿ ಹೊಸ ಗದ್ದೆಯಲ್ಲಿ ಬೇರೂರಿ ತೆಂಡೆಯೊಡೆಯುತ್ತದೆ. ಬಲಿತ ಸಸಿ ಬದುಕಿದರೂ ತೆಂಡೆಯೊಡೆಯುವುದು ಕಡಿಮೆ. ಇಪ್ಪತ್ತರ ಮಗಳು ನಗರದಲ್ಲಿ ಚಿಗುರಬಹುದು. ಎಪ್ಪತ್ತರ ಅಜ್ಜ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಮಾತನಾಡಲು ಕಟ್ಟೆಯಿಲ್ಲದೆ, ನಡೆಯಲು ಹೊಲವಿಲ್ಲದೆ ಕುಗ್ಗಿಹೋಗುತ್ತಾನೆ. ಹಾಗೆಂದು ಅವನನ್ನು ಒಂಟಿಯಾಗಿ ಊರಿನಲ್ಲಿ ಬಿಟ್ಟು ಹೋಗುವುದೂ ಪರಿಹಾರವಲ್ಲ. ಈ ಒಂದು ಪ್ರಶ್ನೆಗೆ ಉತ್ತರ ಸಿಗುವವರೆಗೆ ಪೂರ್ತಿ ಮನೆಗೆ ಬೀಗ ಹಾಕುವ ಮಾತು ಬರಬಾರದು.

ನಡುವಿನ ದಾರಿಗಳು

ಹೋಗುವುದು, ಉಳಿಯುವುದು ಎಂಬ ಎರಡೇ ದಾರಿಗಳಿವೆಯೆಂದು ಭಾವಿಸುವುದು ತಪ್ಪು. ಶಿಗ್ಗಾವಿಯಿಂದ ಹುಬ್ಬಳ್ಳಿ ಹೆದ್ದಾರಿಯಲ್ಲಿ ಒಂದು ಗಂಟೆಯ ಆಸುಪಾಸಿನ ಪ್ರಯಾಣ. ಸವಣೂರು ತಾಲೂಕಿನ ಯಲವಿಗಿಯಲ್ಲಿ ರೈಲು ನಿಲ್ದಾಣವಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ, ಊರಿನಲ್ಲೇ ಮನೆಯಿಟ್ಟು ದಿನವೂ ನಗರಕ್ಕೆ ಹೋಗಿ ಓದುವ, ದುಡಿಯುವ ಹೆಣ್ಣುಮಕ್ಕಳಿಗೆ ಹೊಸ ಅನುಕೂಲವಾಯಿತು. ಹಾನಗಲ್ಲ ಮತ್ತು ಹಿರೇಕೆರೂರಿನ ಒಳಹಳ್ಳಿಗಳಿಗೆ ದಿನದ ಓಡಾಟ ಕಷ್ಟ. ಅಲ್ಲಿಂದ ವಾರಕ್ಕೊಮ್ಮೆ ಬರುವ ದುಡಿಮೆ, ಅಥವಾ ಹಾವೇರಿ, ರಾಣೇಬೆನ್ನೂರಿನಂಥ ಹತ್ತಿರದ ಪಟ್ಟಣಗಳು ಹೊಂದಬಹುದು.

ಮಕ್ಕಳ ಓದಿನ ಬಗ್ಗೆ ಒಂದು ವಿಷಯ ಬಹಳ ತಂದೆತಾಯಿಯರಿಗೆ ತಿಳಿದಿರುವುದಿಲ್ಲ. ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿಯಾಗಿ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ರಾಜ್ಯದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಶೇಕಡ 15ರಷ್ಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5ರಷ್ಟು ಮೀಸಲಾತಿ ಇದೆ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿವೆ. ಐದನೆಯ ತರಗತಿಯಲ್ಲಿ ಮಗುವನ್ನು ನಗರದ ಶಾಲೆಗೆ ಸೇರಿಸಿದರೆ ಗ್ರಾಮೀಣ ಮೀಸಲಾತಿ ತಪ್ಪುತ್ತದೆ. ಊರಿನ ಶಾಲೆ ಚೆನ್ನಾಗಿಲ್ಲವೆಂದು ಬಿಟ್ಟುಹೋಗುವ ಮೊದಲು, ಅದನ್ನು ಚೆನ್ನಾಗಿಸಲು ಶಾಲಾಭಿವೃದ್ಧಿ ಸಮಿತಿಯಲ್ಲಿ ಕುಳಿತವರು ಎಷ್ಟು ಮಂದಿ ಎಂದು ಕೇಳಿಕೊಳ್ಳಬೇಕು.

ಊರಿನ ಹಿರಿಯರಿಗೂ ಒಂದು ಮಾತು. ಮಕ್ಕಳು ನಿಲ್ಲುವುದಿಲ್ಲ ಎಂದು ಗೊಣಗುವುದರಿಂದ ಯಾರೂ ನಿಲ್ಲುವುದಿಲ್ಲ. ಸೊಸೆಯ ಹೆಸರನ್ನು ಉತಾರದಲ್ಲಿ ಸೇರಿಸುವುದು, ಹಾಲಿನ ಹಣವನ್ನು ಅವಳ ಖಾತೆಗೆ ಹಾಕಿಸುವುದು, ಮಗನಿಗೆ ಒಂದು ಎಕರೆಯಲ್ಲಿ ತನ್ನಿಷ್ಟದ ಬೆಳೆ ಬೆಳೆಯಲು ಬಿಡುವುದು, ಊರಿನ ಗುಡಿ ಮತ್ತು ಕೆರೆಯ ಮೆಟ್ಟಿಲು ಎಲ್ಲ ಜಾತಿಯವರಿಗೂ ತೆರೆದಿರುವಂತೆ ನೋಡಿಕೊಳ್ಳುವುದು, ಇವು ಸರ್ಕಾರದ ಯೋಜನೆಗೆ ಕಾಯಬೇಕಾದ ಕೆಲಸಗಳಲ್ಲ. ಯುವಜನ ಓಡಿಹೋಗುತ್ತಿರುವುದು ಹಳ್ಳಿಯಿಂದಲೋ ಹಳ್ಳಿಯ ಅನ್ಯಾಯದಿಂದಲೋ ಎಂಬುದನ್ನು ಪ್ರತಿ ಊರೂ ಪ್ರಾಮಾಣಿಕವಾಗಿ ಪರೀಕ್ಷಿಸಿಕೊಳ್ಳಬೇಕು.

ವಿದ್ಯಾರ್ಥಿಗಳು ಈ ರಜೆಯಲ್ಲಿ ಒಂದು ಕೆಲಸ ಮಾಡಬಹುದು. ತಮ್ಮ ಮನೆಯ ಒಂದು ವರ್ಷದ ಲೆಕ್ಕವನ್ನು ಅಪ್ಪ-ಅವ್ವಂದಿರೊಂದಿಗೆ ಕುಳಿತು ಬರೆಯುವುದು. ಒಂದು ಪುಟದಲ್ಲಿ ನಗದು, ಇನ್ನೊಂದು ಪುಟದಲ್ಲಿ ನಗದಾಗದ ಎಲ್ಲವೂ: ಹಾಲು, ಸೊಪ್ಪು, ಹುಲ್ಲು, ಸೌದೆ, ಬೀಜ, ನೀರು, ಅವ್ವನ ದುಡಿಮೆಯ ಗಂಟೆಗಳು. ಮೂರನೆಯ ಪುಟದಲ್ಲಿ ಊರಿನಲ್ಲಿರುವುದರಿಂದ ತೆರುತ್ತಿರುವ ಬೆಲೆ: ತಪ್ಪಿದ ಚಿಕಿತ್ಸೆ, ತಪ್ಪಿದ ಓದು, ನುಂಗಿದ ಅವಮಾನ. ಈ ಮೂರು ಪುಟಗಳನ್ನು ಎದುರಿಗಿಟ್ಟುಕೊಂಡು ಮನೆಯವರೆಲ್ಲರೂ, ಸೊಸೆಯೂ ಸೇರಿ, ಮಾತನಾಡಿ ಕೈಗೊಂಡ ನಿರ್ಧಾರ ಹೋಗುವುದೇ ಆದರೂ ಅದು ಗೌರವದ ನಿರ್ಧಾರ.

ಕುಸನೂರಿನ ಜನ ಅಂದು ಬರಿದೆ ಕಿತ್ತು ಮನೆಗೆ ಹೋಗಲಿಲ್ಲ. ಕಿತ್ತ ಜಾಗದಲ್ಲೆಲ್ಲ ಒಂದನ್ನು ಹಚ್ಚಿದರು. ಊರು ಬಿಡುವವರೂ ಅದನ್ನೇ ಪಾಲಿಸಬಹುದು. ಹೊಲಕ್ಕೆ ಒಬ್ಬ ನಂಬಿಕೆಯ ಸಾಗುವಳಿದಾರ, ಹಿರಿಯರಿಗೆ ಒಂದು ಆಸರೆ, ಕೆರೆಯ ಕೆಲಸಕ್ಕೆ ವರ್ಷಕ್ಕೆ ಒಂದು ದಿನ, ಗ್ರಾಮಸಭೆಗೆ ಒಂದು ಹಾಜರಿ, ಇಷ್ಟನ್ನಾದರೂ ಹಚ್ಚಿ ಹೋದರೆ ಅವರು ಎಂದಾದರೂ ಮರಳಿ ಬರಬೇಕೆನಿಸಿದಾಗ ಬರಲು ಒಂದು ಊರು ಉಳಿದಿರುತ್ತದೆ.